ಯಾವ ಬಣಕ್ಕೆ ಸೇರಲಿ? ಜಿಟಾ ದಾರಿ ಮುಚ್ಚಿಕೊಳ್ಳಬೇಡಿ

ಪ್ರಶ್ನೆ: ಸರ್, ನನ್ನದು ತೀರ್ಥಹಳ್ಳಿ ಹತ್ತಿರದ ಊರು. ಡಿಗ್ರಿ ಮುಗಿಸಿ ಮನೆಯಲ್ಲೇ ತೋಟ ನೋಡಿಕೊಂಡಿದ್ದೇನೆ. ಇಷ್ಟು ದಿನ ಮೊಬೈಲಿನಲ್ಲಿ ಆಲ್ಬಿಯನ್ ಆನ್‌ಲೈನ್ ಆಡುತ್ತಿದ್ದೆ. ಈಗ ಲ್ಯಾಪ್‌ಟಾಪ್ ಬಂತು, ಬಾಹ್ಯಾಕಾಶ ಹಡಗುಗಳ ಆಟ ಈವ್ ಆನ್‌ಲೈನ್ ಶುರು ಮಾಡಿದೆ. ಶುರುವಿನಲ್ಲೇ ತಲೆ ಕೆಟ್ಟಿದೆ. ಬೆಂಗಳೂರಿನಲ್ಲಿರುವ ಭಾವ 'ಕಾಲ್ಡಾರಿ ತಗೋ, ಜಿಟಾ ಅನ್ನೋ ದೊಡ್ಡ ಮಾರುಕಟ್ಟೆ ಇರೋದೇ ಅಲ್ಲಿ' ಅಂತಾರೆ. ಕಾಲೇಜಿನ ಗೆಳೆಯ 'ಗ್ಯಾಲೆಂಟೆ ಮಿಲಿಷಿಯಾಕ್ಕೆ ಬಾ, ಒಟ್ಟಿಗೆ ಯುದ್ಧ ಮಾಡೋಣ' ಅಂತಾನೆ. ಒಂದು ಕಾರ್ಪ್‌ನವರು (ಆಟಗಾರರೇ ಕಟ್ಟಿಕೊಂಡ ಗುಂಪು) ಸೇರಿಸಿಕೊಳ್ಳುತ್ತೇವೆ, ಆದರೆ ದಿನಾ ರಾತ್ರಿ ಹನ್ನೊಂದೂವರೆಗೆ ಬರಲೇಬೇಕು ಅಂತಾರೆ. ಎಲ್ಲ ಬಣಗಳಿಗೂ ಸೇರಬಹುದಾ? ತಪ್ಪು ಬಣ ಆರಿಸಿ ಆರು ತಿಂಗಳ ಆಟ ಹಾಳಾದರೆ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳುತ್ತೇನೆ. ಈವ್‌ನಲ್ಲಿ ಪಾತ್ರ ಸೃಷ್ಟಿಸುವಾಗ ಆರಿಸುವ ಸಾಮ್ರಾಜ್ಯ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಅಮಾರ್, ಕಾಲ್ಡಾರಿ, ಗ್ಯಾಲೆಂಟೆ, ಮಿನ್ಮಟಾರ್, ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಮುಂದೆ ಯಾರ ಹಡಗನ್ನು ಬೇಕಾದರೂ ಕಲಿತು ಓಡಿಸಬಹುದು. ಮೊದಲ ದಿನ ಯಾವ ನಿಲ್ದಾಣದಲ್ಲಿ ಕಣ್ಣು ಬಿಡುತ್ತೀರಿ, ಮುಖ ಹೇಗಿರುತ್ತದೆ, ಯಾವ ಚಿಕ್ಕ ಹಡಗು ಕೈಗೆ ಬರುತ್ತದೆ, ಹೆಚ್ಚುಕಡಿಮೆ ಇಷ್ಟೇ ವ್ಯತ್ಯಾಸ. ಹಾಗಾಗಿ ಆ ಪರದೆಯ ಮುಂದೆ ಎರಡು ದಿನ ಕೂತು ಯೋಚಿಸುವ ಅಗತ್ಯ ಇಲ್ಲ. ಹಡಗುಗಳ ರೂಪ ನೋಡಿ, ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿ.

ನಿಜವಾಗಿ ಯೋಚಿಸಬೇಕಾದ ಆಯ್ಕೆ ಆಮೇಲೆ ಬರುತ್ತದೆ. ಯಾರೂ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ನಿಮ್ಮ ಮುಂದೆ ಇಡುವುದಿಲ್ಲ. ಹದಿನೈದಕ್ಕೂ ಹೆಚ್ಚು ವರ್ಷ ಇಂಥ ಆಟಗಳನ್ನು ಆಡಿದ್ದೇನೆ. ಹೊಸಬರು ನೊಂದು ಬಿಟ್ಟುಹೋಗಿದ್ದನ್ನು ತುಂಬ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಣದಿಂದ ಏನು ಸಿಗುತ್ತದೆ ಅಂತ ನೋಡಿ ಸೇರಿದ್ದರು. ಏನು ಮುಚ್ಚಿಹೋಗುತ್ತದೆ ಅಂತ ಕೇಳಿರಲಿಲ್ಲ. ಆಮೇಲೆ ಆ ಬಣದ ಜನ ಎಚ್ಚರ ಇರುವ ಹೊತ್ತಿಗೆ ತಾವು ಎಚ್ಚರ ಇರುತ್ತೇವಾ ಅಂತಲೂ ನೋಡಿರಲಿಲ್ಲ. ನಿಮ್ಮ ಮೂರೂ ಪ್ರಶ್ನೆಗಳನ್ನು ನಾನು ಈ ಎರಡರಲ್ಲೇ ಇಟ್ಟು ನೋಡುತ್ತೇನೆ.

ಎಲ್ಲದಕ್ಕೂ ಸೇರಬಹುದಾ ಅಂತ ಕೇಳಿದ್ದೀರಿ. ಅದು ಆಟದ ಮೇಲೆ ಹೋಗುತ್ತದೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಅಂತ ಒಂದು ಆಟ ಇದೆ, 2014ರದ್ದು. ಅಲ್ಲಿ ಫೈಟರ್ಸ್ ಗಿಲ್ಡ್, ಮೇಜಸ್ ಗಿಲ್ಡ್, ಅನ್‌ಡಾಂಟೆಡ್ ಮೂರಕ್ಕೂ ಒಬ್ಬನೇ ಸೇರಬಹುದು. ಕಳ್ಳರ ಗಿಲ್ಡ್‌ಗೂ ಸೇರಬಹುದು. ಒಂದಕ್ಕೆ ಸೇರಿದರೆ ಇನ್ನೊಂದು ಮುನಿಸಿಕೊಳ್ಳುವುದಿಲ್ಲ. ಪುಸ್ತಕ ಹುಡುಕಿ ಓದಿದರೆ ಮೇಜಸ್ ಗಿಲ್ಡ್‌ನಲ್ಲಿ ಮೇಲೇರುತ್ತೀರಿ. ಡಂಜನ್‌ಗೆ, ಅಂದರೆ ಗುಂಪಾಗಿ ಹೋಗಿ ಶತ್ರುಗಳನ್ನು ಎದುರಿಸುವ ಜಾಗಕ್ಕೆ, ಹೋದರೆ ಅನ್‌ಡಾಂಟೆಡ್‌ನಲ್ಲಿ ಮೇಲೇರುತ್ತೀರಿ. ಅಂಥ ಆಟದಲ್ಲಿ ಕಣ್ಣಿಗೆ ಬಿದ್ದ ಎಲ್ಲಕ್ಕೂ ಮೊದಲ ದಿನವೇ ಸೇರಿಬಿಡಬೇಕು, ತಡ ಮಾಡಿದರೆ ನಷ್ಟ. ಅದೇ ಆಟದಲ್ಲಿ ಮೂರು ದೊಡ್ಡ ಮೈತ್ರಿಕೂಟಗಳೂ ಇವೆ. ಮೊದಲೆಲ್ಲ ಬೇರೆ ಕೂಟದ ಗೆಳೆಯನ ಜೊತೆ ಊರು ಸುತ್ತಲೂ ಆಗುತ್ತಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಆ ಗೋಡೆ ತೆಗೆದರು. ಈಗ ಮೈತ್ರಿಕೂಟ ಲೆಕ್ಕಕ್ಕೆ ಬರುವುದು ಸಿರೊಡೀಲ್‌ನ ಯುದ್ಧಭೂಮಿಯಂಥ ಕಡೆ ಮಾತ್ರ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಈ ಗೋಡೆ ತುಂಬ ವರ್ಷ ನಿಂತಿತ್ತು. 2004ರಲ್ಲಿ ಶುರುವಾದ ಆಟ. ಹೋರ್ಡ್ ಒಂದು ಕಡೆ, ಅಲಯನ್ಸ್ ಇನ್ನೊಂದು ಕಡೆ. ಎದುರು ಬಣದವರು ಚಾಟ್‌ನಲ್ಲಿ ಬರೆದರೆ ಅರ್ಥವಾಗದ ಅಕ್ಷರಗಳು ಕಾಣುತ್ತಿದ್ದವು. ಅಕ್ಕಪಕ್ಕದ ಮನೆಯ ಇಬ್ಬರು ಬೇರೆ ಬೇರೆ ಬಣ ಆರಿಸಿದ್ದರೆ ಒಟ್ಟಿಗೆ ಒಂದು ಡಂಜನ್‌ಗೆ ಹೋಗಲೂ ದಾರಿ ಇರಲಿಲ್ಲ. 2022ರಲ್ಲಿ ಎರಡು ಬಣದವರು ಕೂಡಿ ಡಂಜನ್‌ಗೆ ಹೋಗಲು ಬಿಟ್ಟರು. 2023ರಲ್ಲಿ ಒಂದೇ ಗಿಲ್ಡ್‌ನಲ್ಲಿ ಇರಲೂ ಬಿಟ್ಟರು. ಆ ಆಟದಲ್ಲೇ 2007ರಲ್ಲಿ ಆಲ್ಡೋರ್, ಸ್ಕ್ರೈಯರ್ಸ್ ಅಂತ ಎರಡು ಬಣ ಬಂದವು. ಒಬ್ಬರ ಹತ್ತಿರ ಹೆಸರು ಗಳಿಸಿದರೆ ಇನ್ನೊಬ್ಬರ ಹತ್ತಿರ ಗಳಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕಳೆದುಕೊಳ್ಳಬೇಕಿತ್ತು. ಮನಸ್ಸು ಬದಲಾಯಿಸಬಹುದಿತ್ತು, ಆದರೆ ತಗ್ಗಿನಿಂದ ಮತ್ತೆ ಹತ್ತಬೇಕು. ತಿಂಗಳುಗಟ್ಟಲೆ ಕೆಲಸ ಅದು.

ಈವ್ ಈ ಎರಡರ ನಡುವೆ ಇದೆ. ಇಲ್ಲಿ ಯಾವ ಬಾಗಿಲಿಗೂ ಬೀಗ ಬೀಳುವುದಿಲ್ಲ, ಆದರೆ ನಿಮಗೆ ಗೊತ್ತಾಗದ ಹಾಗೆ ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಬರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ಪ್ರತಿ ಸಾಮ್ರಾಜ್ಯದ ಹತ್ತಿರ ನಿಮಗೆ ಒಂದು ಸ್ಟ್ಯಾಂಡಿಂಗ್ ಇರುತ್ತದೆ. ಅಂದರೆ ಅವರ ಕಣ್ಣಲ್ಲಿ ನಿಮ್ಮ ಬೆಲೆ. ಮೈನಸ್ 10ರಿಂದ ಪ್ಲಸ್ 10ರವರೆಗೆ. ಏಜೆಂಟರು ಅಂದರೆ ಕೆಲಸ ಕೊಡಲು ಆಟವೇ ಇಟ್ಟಿರುವ ಪಾತ್ರಗಳು. ಅವರ ಹತ್ತಿರ ಮಿಷನ್ ಮಾಡುತ್ತಾ ಹೋದರೆ ಆ ಏಜೆಂಟ್, ಅವನ ಕಂಪನಿ ಇಬ್ಬರ ಹತ್ತಿರವೂ ಏರುತ್ತದೆ. ಒಂದೇ ಸಾಮ್ರಾಜ್ಯದ, ಒಂದೇ ಮಟ್ಟದ 16 ಮಿಷನ್ ಮುಗಿಸಿದರೆ ಒಂದು ಸ್ಟೋರಿಲೈನ್ ಮಿಷನ್ ಬರುತ್ತದೆ. ಅದನ್ನು ಮುಗಿಸಿದಾಗ ಇಡೀ ಸಾಮ್ರಾಜ್ಯದ ಹತ್ತಿರವೇ ಸ್ಟ್ಯಾಂಡಿಂಗ್ ಏರುತ್ತದೆ. ಎರಡನೇ ಮಟ್ಟದ ಏಜೆಂಟ್ ಮಾತಾಡಬೇಕಾದರೆ 1 ಬೇಕು. ಮೂರನೇ ಮಟ್ಟಕ್ಕೆ 3, ನಾಲ್ಕನೇ ಮಟ್ಟಕ್ಕೆ 5. ಒಳ್ಳೆಯ ದುಡ್ಡು ಇರುವುದು ನಾಲ್ಕನೇ ಮಟ್ಟದಲ್ಲಿ. ಹಾಗಾಗಿ ಎಲ್ಲರೂ ಅಲ್ಲಿಗೆ ಬೇಗ ಹೋಗಲು ನೋಡುತ್ತಾರೆ, ಸಿಕ್ಕ ಮಿಷನ್ ಎಲ್ಲ ಮಾಡುತ್ತಾರೆ.

ಎಡವುವುದು ಅಲ್ಲೇ. ಕಾಲ್ಡಾರಿಗೂ ಅಮಾರ್‌ಗೂ ಸ್ನೇಹ. ಗ್ಯಾಲೆಂಟೆಗೂ ಮಿನ್ಮಟಾರ್‌ಗೂ ಸ್ನೇಹ. ಈ ಜೋಡಿಗೂ ಆ ಜೋಡಿಗೂ ಆಗುವುದಿಲ್ಲ. ನೀವು ಕಾಲ್ಡಾರಿಯಲ್ಲಿ ದೊಡ್ಡವರಾದ ಹಾಗೆ ಗ್ಯಾಲೆಂಟೆ ಕಡೆ ನಿಮ್ಮ ಬೆಲೆ ಇಳಿಯುತ್ತದೆ. ಕೆಲವು ಮಿಷನ್‌ಗಳಲ್ಲಿ ಎದುರು ಸಾಮ್ರಾಜ್ಯದ ಹಡಗುಗಳನ್ನೇ ಹೊಡೆಯಬೇಕು. ಒಂದೊಂದು ಹಡಗು ಬಿದ್ದಾಗಲೂ ಇನ್ನಷ್ಟು ಇಳಿಯುತ್ತದೆ. ಮೈನಸ್ 2ಕ್ಕಿಂತ ಕೆಳಗೆ ಹೋದರೆ ಆ ಸಾಮ್ರಾಜ್ಯದ ಏಜೆಂಟರು ಮೊದಲ ಮಟ್ಟ ಬಿಟ್ಟು ಬೇರೆ ಕೆಲಸ ಕೊಡುವುದಿಲ್ಲ. ಮೈನಸ್ 5ಕ್ಕಿಂತ ಕೆಳಗೆ ಹೋದರೆ ಅವರ ಸುರಕ್ಷಿತ ಪ್ರದೇಶಕ್ಕೆ ಕಾಲಿಟ್ಟ ಕೂಡಲೇ ಅವರ ನೌಕಾಪಡೆ ನಿಮ್ಮ ಮೇಲೆ ಗುಂಡು ಹಾರಿಸುತ್ತದೆ. ಆಟ ಶುರು ಮಾಡಿ ನಾಲ್ಕು ತಿಂಗಳಾದ ಮೇಲೆ ಒಂದು ದಿನ ಯಾರೋ ಕರೆದರು ಅಂತ ಗ್ಯಾಲೆಂಟೆ ಕಡೆ ಹೋಗಿ, ಬಾಗಿಲಲ್ಲೇ ಹೊಡೆಸಿಕೊಂಡು, ಯಾಕೆ ಅಂತಲೂ ಗೊತ್ತಾಗದೆ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ.

ಇದಕ್ಕೆ ಮದ್ದು ಸುಲಭ. ಮಿಷನ್ ಒಪ್ಪಿಕೊಳ್ಳುವ ಮೊದಲು ಯಾರ ವಿರುದ್ಧ ಅಂತ ಓದಿ. ಗುರಿಸ್ತಾಸ್, ಸರ್ಪೆಂಟಿಸ್, ಬ್ಲಡ್ ರೇಡರ್ಸ್ ಇಂಥ ಕಡಲ್ಗಳ್ಳರ ಗುಂಪಿನ ವಿರುದ್ಧ ಆದರೆ ಮಾಡಿ. ಇನ್ನೊಂದು ಸಾಮ್ರಾಜ್ಯದ ವಿರುದ್ಧ ಆದರೆ ಬೇಡ ಅನ್ನಿ. ಒಬ್ಬ ಏಜೆಂಟ್‌ಗೆ ನಾಲ್ಕು ಗಂಟೆಗೆ ಒಂದು ಸಲ ಬೇಡ ಅಂದರೆ ಏನೂ ನಷ್ಟ ಇಲ್ಲ. ಡಿಪ್ಲೊಮಸಿ ಅನ್ನುವ ಸ್ಕಿಲ್ ಮೊದಲ ತಿಂಗಳಲ್ಲೇ ಕಲಿತಿಡಿ. ಮುನಿಸಿಕೊಂಡವರ ಹತ್ತಿರ ನಿಮ್ಮ ಸ್ಟ್ಯಾಂಡಿಂಗ್ ಅದರಿಂದ ಸ್ವಲ್ಪ ಮೇಲೆ ಬರುತ್ತದೆ. ಸಿಸ್ಟರ್ಸ್ ಆಫ್ ಈವ್ ಅನ್ನುವ ಬಣದವರು ಆರ್ನಾನ್ ಅನ್ನುವ ಕಡೆ ಒಂದು ಉದ್ದದ ಮಿಷನ್ ಸರಮಾಲೆ ಕೊಡುತ್ತಾರೆ. ಹೊಸಬರೂ ಮಾಡಬಹುದು. ಅದರ ಕೊನೆಯಲ್ಲಿ ನಾಲ್ಕರಲ್ಲಿ ಒಂದು ಸಾಮ್ರಾಜ್ಯ ಆರಿಸಿ ಅಲ್ಲಿ ಸ್ಟ್ಯಾಂಡಿಂಗ್ ಏರಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಬಹುದು. ಬಿಗಡಾಯಿಸಿದ ಸಂಬಂಧ ಸರಿ ಮಾಡಿಕೊಳ್ಳಲು ನಾನು ಕಂಡ ಸುಲಭ ದಾರಿ ಇದು. ಹಾಗಾಗಿ 'ತಪ್ಪಾದರೆ ಏನು ಮಾಡಲಿ' ಅನ್ನುವುದಕ್ಕೆ ದಾರಿ ಇದೆ. ಸಮಯ ಹಿಡಿಯುತ್ತದೆ, ಅಷ್ಟೇ.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. ಮಿಲಿಷಿಯಾ ಅಂದರೆ ಸಾಮ್ರಾಜ್ಯದ ಪರವಾಗಿ ಯುದ್ಧಕ್ಕೆ ಹೆಸರು ಕೊಡುವುದು. 2008ರ ಜೂನ್‌ನಲ್ಲಿ ಈವ್‌ಗೆ ಬಂದ ವ್ಯವಸ್ಥೆ. ಹೊಸಬರಿಗೆ ಜಗಳ ಕಲಿಯಲು ಇದರಷ್ಟು ಒಳ್ಳೆಯ ಜಾಗ ಈವ್‌ನಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಚಿಕ್ಕ ಹಡಗು ಸಾಕು, ಖರ್ಚು ಕಡಿಮೆ, ದಿನವೂ ಯಾರಾದರೂ ಎದುರಾಗುತ್ತಾರೆ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ಹೇಳದೆ ಬಿಟ್ಟಿದ್ದು ಒಂದಿದೆ. ಈವ್‌ನ ಅತಿ ದೊಡ್ಡ ಮಾರುಕಟ್ಟೆ ಜಿಟಾ. ಜಿಟಾ ಇರುವುದು ಕಾಲ್ಡಾರಿ ನೆಲದಲ್ಲಿ. ಗ್ಯಾಲೆಂಟೆ ಮಿಲಿಷಿಯಾಕ್ಕೆ ಹೆಸರು ಕೊಟ್ಟ ದಿನದಿಂದ ಕಾಲ್ಡಾರಿ ನೌಕಾಪಡೆಗೆ ನೀವು ಶತ್ರು. ಸಣ್ಣ, ಚುರುಕು ಹಡಗಿನಲ್ಲಿ ನುಸುಳಿ ಹೋಗಿ ಬರುವವರು ಇದ್ದಾರೆ. ಸರಕು ತುಂಬಿದ ಹಡಗಿನಲ್ಲಿ ಅದು ಆಗದ ಮಾತು. ಎದುರು ಮಿಲಿಷಿಯಾದ ಆಟಗಾರರೂ ನಿಮ್ಮನ್ನು ಎಲ್ಲಿ ಕಂಡರೂ ಹೊಡೆಯಬಹುದು. ಕಾಪಾಡಲು ಪೊಲೀಸರು ಬರುವುದಿಲ್ಲ.

ನೀವು ತೋಟದವರು, ನಿಮಗೆ ಬೇಗ ಅರ್ಥವಾಗುತ್ತದೆ. ಅಡಿಕೆ ಬೆಳೆಯುವುದು ನಿಮ್ಮ ತೋಟದಲ್ಲಿ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ರಾಶಿ, ಬೆಟ್ಟೆ ಅಂತ ಬೇರೆ ಮಾಡುವುದು ನಿಮ್ಮ ಅಂಗಳದಲ್ಲಿ. ಆದರೆ ರೇಟು ಆಗುವುದು ಶಿವಮೊಗ್ಗದ ಮಂಡಿಯಲ್ಲಿ. ನಾಳೆಯಿಂದ ಶಿವಮೊಗ್ಗಕ್ಕೆ ಹೋಗುವ ಹಾಗಿಲ್ಲ ಅಂದರೆ ಬೆಳೆದದ್ದನ್ನು ಏನು ಮಾಡುತ್ತೀರಿ? ಮನೆ ಬಾಗಿಲಿಗೆ ಬಂದವರು ಹೇಳಿದ ರೇಟಿಗೆ ಕೊಡಬೇಕು. ಗ್ಯಾಲೆಂಟೆ ಕಡೆ ಡೊಡಿಕ್ಸಿ ಅಂತ ಮಾರುಕಟ್ಟೆ ಇದೆ. ಮಿನ್ಮಟಾರ್ ಕಡೆ ರೆನ್ಸ್, ಹೆಕ್ ಇವೆ. ಅಲ್ಲಿ ಕೊಳ್ಳಬಹುದು, ಮಾರಬಹುದು. ಆದರೆ ಜಿಟಾದಷ್ಟು ಸರಕು ಇರುವುದಿಲ್ಲ, ಕೊಳ್ಳುವವರೂ ಅಷ್ಟು ಸಿಗುವುದಿಲ್ಲ. ಯುದ್ಧವನ್ನೇ ಆಡಲು ಬಂದವರಿಗೆ ಇದು ದೊಡ್ಡ ತೊಂದರೆ ಅಲ್ಲ. ವ್ಯಾಪಾರ ಇಷ್ಟಪಡುವವರಿಗೆ ತುಂಬ ದೊಡ್ಡ ತೊಂದರೆ.

ಮಿಲಿಷಿಯಾ ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದಲ್ಲ ಅಂತ ಕೇಳಬಹುದು. ಪೂರ್ತಿ ಹೋಗುವುದಿಲ್ಲ. ಮಿಲಿಷಿಯಾದ ಮಿಷನ್‌ಗಳಲ್ಲಿ ಕಾಲ್ಡಾರಿ ಹಡಗುಗಳನ್ನು ಹೊಡೆದಿರುತ್ತೀರಿ. ಇಳಿದ ಸ್ಟ್ಯಾಂಡಿಂಗ್ ನೀವು ಹೊರಗೆ ಬಂದ ಮೇಲೂ ಹಾಗೇ ಉಳಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಈವ್‌ನ ಒಂದು ಖಾತೆಯಲ್ಲಿ ಮೂರು ಪಾತ್ರಗಳಿಗೆ ಜಾಗ ಇದೆ. ಭಾವ ಹೇಳಿದ ಹಾಗೆ ಒಂದು ಕಾಲ್ಡಾರಿ ಪಾತ್ರ ಮಾಡಿ. ಅದನ್ನು ಯಾವ ಯುದ್ಧಕ್ಕೂ ಕಳಿಸಬೇಡಿ. ಅದು ಜಿಟಾದಲ್ಲಿ ಕೂತು ಕೊಳ್ಳಲಿ, ಮಾರಲಿ. ಗೆಳೆಯನ ಜೊತೆ ಯುದ್ಧಕ್ಕೆ ಇನ್ನೊಂದು ಪಾತ್ರ ಮಾಡಿ. ಅದು ಗ್ಯಾಲೆಂಟೆ ಮಿಲಿಷಿಯಾಕ್ಕೆ ಸೇರಲಿ. ಒಂದರ ಸ್ಟ್ಯಾಂಡಿಂಗ್ ಇನ್ನೊಂದಕ್ಕೆ ತಗಲುವುದಿಲ್ಲ. ಒಂದು ತೊಡಕು ಇದೆ. ಸ್ಕಿಲ್ ಕಲಿಕೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪಾತ್ರಕ್ಕೆ ನಡೆಯುವುದು. ಹಾಗಾಗಿ ಯುದ್ಧದ ಪಾತ್ರಕ್ಕೆ ಹೆಚ್ಚು ಕಲಿಸಿ, ವ್ಯಾಪಾರದ ಪಾತ್ರಕ್ಕೆ ಬೇಕಾದಷ್ಟು ಮಾತ್ರ ಕಲಿಸಿ ನಿಲ್ಲಿಸಿ. 2016ರ ನವೆಂಬರ್‌ನಿಂದ ಈವ್‌ನಲ್ಲಿ ದುಡ್ಡು ಕಟ್ಟದೆ ಆಡುವ ಆಲ್ಫಾ ಪಾತ್ರ ಇದೆ. ಶುರುವಿಗೆ ಅದೇ ಸಾಕು. ಆರು ತಿಂಗಳು ಆಡಿ ಇಷ್ಟವಾದ ಮೇಲೆ ದುಡ್ಡಿನ ಯೋಚನೆ ಮಾಡಿ.

ಹೀಗೆ ಮಾಡಿದರೆ ಭಾವನ ಮಾತೂ ನಡೆಯುತ್ತದೆ, ಗೆಳೆಯನ ಮಾತೂ ನಡೆಯುತ್ತದೆ.

ನೀವು ಆಲ್ಬಿಯನ್‌ನಿಂದ ಬಂದವರು. ಅಲ್ಲಿ ಇದನ್ನೆಲ್ಲ ಸ್ವಲ್ಪ ನೋಡಿಯೇ ಇರುತ್ತೀರಿ. ಲಿಮ್‌ಹರ್ಸ್ಟ್ ಅನ್ನುವ ಊರು ಇರುವುದು ಕಾಡಿನಲ್ಲಿ, ಸುತ್ತ ಬೇಕಾದಷ್ಟು ಮರ. ಆದರೆ ಮರವನ್ನು ಹಲಗೆ ಮಾಡಲು ಬೋನಸ್ ಇರುವುದು ಬೆಟ್ಟದ ಮೇಲಿನ ಫೋರ್ಟ್ ಸ್ಟರ್ಲಿಂಗ್‌ನಲ್ಲಿ. ಲಿಮ್‌ಹರ್ಸ್ಟ್‌ನ ಬೋನಸ್ ನಾರಿಗೆ, ನಾರು ಹೆಚ್ಚು ಸಿಗುವುದು ಥೆಟ್‌ಫರ್ಡ್‌ನ ಜೌಗು ನೆಲದಲ್ಲಿ. ಥೆಟ್‌ಫರ್ಡ್‌ನ ಬೋನಸ್ ಅದಿರಿಗೆ, ಅದಿರು ಇರುವುದು ಬೆಟ್ಟದಲ್ಲಿ. ಪ್ರತಿ ಊರಿನ ಮಾರುಕಟ್ಟೆಯೂ ಬೇರೆ. ಆಟ ಮಾಡಿದವರು ಬೇಕೆಂದೇ ಹೀಗೆ ಹೆಣೆದಿದ್ದಾರೆ, ಸರಕು ಹೊತ್ತು ಊರೂರು ತಿರುಗಲಿ ಅಂತ. ಹಾಗಿರುವಾಗ ಒಂದು ಊರಿನ ಫ್ಯಾಕ್ಷನ್ ಫ್ಲಾಗ್, ಅಂದರೆ ಆ ಊರಿನ ಪರ ಅನ್ನುವ ಗುರುತು, ಹಾಕಿಕೊಂಡೇ ಸರಕು ಹೊತ್ತು ಹೊರಟರೆ ಉಳಿದ ಊರಿನ ಫ್ಲಾಗ್ ಹಾಕಿದವರೆಲ್ಲ ನಿಮ್ಮ ಮೇಲೆ ಬೀಳಬಹುದು. ಕೆಂಪು ವಲಯದಲ್ಲಿ ಬಿದ್ದರೆ ಮೈಮೇಲಿದ್ದದ್ದೆಲ್ಲ ಹೋಯಿತು. ಅಲ್ಲಿ ಕನಿಷ್ಠ ಫ್ಲಾಗ್ ತೆಗೆದು ಸುಮ್ನೆ ಹೋಗಬಹುದು. ಈವ್‌ನ ಮಿಲಿಷಿಯಾ ಅಷ್ಟು ಸಲೀಸಾಗಿ ಕಳಚುವ ಅಂಗಿ ಅಲ್ಲ.

ಇನ್ನು ಆ ಕಾರ್ಪ್ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾಗಿದ್ದು ಈ ಒಂದು ಸಾಲಿನ ಬಗ್ಗೆ. ಆಟದ ಕಥೆಯಲ್ಲಿರುವ ಬಣಗಳು ನಿಮ್ಮನ್ನು ಬೈಯುವುದಿಲ್ಲ. ಮನುಷ್ಯರ ಬಣ ಹಾಗಲ್ಲ. ನೀವು ಆ ಆಟದಲ್ಲಿ ಐದು ವರ್ಷ ಇರುತ್ತೀರೋ ಐದು ವಾರಕ್ಕೆ ಬಿಡುತ್ತೀರೋ ಅನ್ನುವುದು ಬಹುಪಾಲು ಕಾರ್ಪ್ ಮೇಲೆ ನಿಂತಿರುತ್ತದೆ. ನಾಲ್ಕು ಸಾಮ್ರಾಜ್ಯಗಳಲ್ಲಿ ಯಾವುದು ಅನ್ನುವುದಕ್ಕಿಂತ ಹತ್ತು ಪಾಲು ಹೆಚ್ಚು ಯೋಚನೆ ಇದಕ್ಕೆ ಕೊಡಿ.

ಈವ್ ಪ್ರಪಂಚ ನಡೆಯುವುದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನಾ 11 ಗಂಟೆಗೆ ಸರ್ವರ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಮಗೆ ಅದು ಸಂಜೆ ನಾಲ್ಕೂವರೆ, ಚಹಾ ಕುಡಿಯುವ ಹೊತ್ತು. ಯುರೋಪಿನವರು ಕೆಲಸ ಮುಗಿಸಿ, ಊಟ ಮಾಡಿ ಆಟಕ್ಕೆ ಕೂರುವಾಗ ನಮಗೆ ರಾತ್ರಿ ಹನ್ನೊಂದೂವರೆ. ಅವರು ಆಟ ಮುಗಿಸಿ ಏಳುವಾಗ ನಮಗೆ ರಾತ್ರಿ ಎರಡೂವರೆ. ನಿಮ್ಮನ್ನು ಕರೆದ ಕಾರ್ಪ್ ಅದೇ ಪೈಕಿ ಇರಬೇಕು. ಬೆಳಿಗ್ಗೆ ಆರಕ್ಕೆ ಕೊಟ್ಟಿಗೆ, ತೋಟ ಅಂತ ಏಳುವವರಿಗೆ ಇದು ಎಷ್ಟು ದಿನ ನಡೆಯುತ್ತದೆ? ಮೊದಲ ವಾರ ಹುಮ್ಮಸ್ಸಿನಲ್ಲಿ ಹೋಗುತ್ತೀರಿ. ಮೂರನೇ ವಾರಕ್ಕೆ ನಿದ್ದೆ ಕಣ್ಣಲ್ಲಿ ಹಡಗು ಕಳೆದುಕೊಳ್ಳುತ್ತೀರಿ. ಆಮೇಲೆ ಮನೆಯಲ್ಲಿ ಅಮ್ಮನ ಹತ್ತಿರವೂ ಅಲ್ಲಿ ಕಮಾಂಡರ್ ಹತ್ತಿರವೂ ಮಾತು ಕೇಳಬೇಕಾಗುತ್ತದೆ. ಈ ಕಾರ್ಪ್ ಬೇಡ ಅನ್ನಿ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಅಮೆರಿಕದವರ ರಾತ್ರಿ ಅಂದರೆ ನಮಗೆ ಬೆಳಿಗ್ಗೆ ಐದೂವರೆಯಿಂದ ಎಂಟೂವರೆ. ಹೊರಗೆ ಇಬ್ಬನಿ ಇರುವಾಗ, ತೋಟಕ್ಕೆ ಇಳಿಯುವ ಮೊದಲು ಒಂದು ಗಂಟೆ ಸಿಕ್ಕರೆ ಅವರ ಜೊತೆ ಚೆನ್ನಾಗಿ ಆಡಬಹುದು. ನನ್ನ ಪರಿಚಯದ ಒಬ್ಬರು ಸಾಗರದ ಕಡೆಯಿಂದ ವರ್ಷಗಟ್ಟಲೆ ಹೀಗೇ ಆಡಿದ್ದಾರೆ. ಸಿಂಗಪುರದ ಕಡೆಯವರ ಸಂಜೆ ನಮಗೆ ಐದೂವರೆಯಿಂದ ಎಂಟೂವರೆ. ಆಸ್ಟ್ರೇಲಿಯಾದವರದ್ದು ಅದಕ್ಕಿಂತ ಎರಡು ಮೂರು ಗಂಟೆ ಮೊದಲು. ಕಾರ್ಪ್‌ನವರು ಜಾಹೀರಾತಿನಲ್ಲಿ ಇಯುಟಿಝಡ್, ಯುಎಸ್‌ಟಿಝಡ್, ಎಯುಟಿಝಡ್ ಅಂತ ಬರೆದಿರುತ್ತಾರೆ. ಮೊದಲೆರಡು ಯುರೋಪ್, ಅಮೆರಿಕ ಹೊತ್ತಿನವರದ್ದು, ಕೊನೆಯದು ಆಸ್ಟ್ರೇಲಿಯಾ ಹೊತ್ತಿನವರದ್ದು. ಏಷ್ಯಾದವರು ಹೆಚ್ಚಾಗಿ ಅದರಲ್ಲೇ ಇರುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಆಡುವವರಿಗೆ ನಾನು ಹೇಳುವುದು ಅದನ್ನೇ.

ಎರಡನೇ ವಿಷಯ ಮಳೆ. ನಮ್ಮ ಕಡೆ ಆಡುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಜೂನ್ ಬಂತೆಂದರೆ ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ. ಕರೆಂಟು ಒಂದು ಗಂಟೆಗೆ ಬರಬಹುದು, ಮೂರು ದಿನಕ್ಕೆ ಬರಬಹುದು. ಕರೆಂಟು ಇದ್ದರೂ ನೆಟ್ ಇರುವುದಿಲ್ಲ. ಬಹಳ ಹಿಂದೆ, ಬೇರೆ ಒಂದು ಆಟದಲ್ಲಿ, ಕೋಟೆ ಕಾಯುವ ಹೊಣೆ ನನ್ನ ಮೇಲಿತ್ತು. ಜುಲೈ ತಿಂಗಳ ರಾತ್ರಿ. ಯುದ್ಧ ಶುರುವಾಗಿ ಹತ್ತು ನಿಮಿಷಕ್ಕೆ ಮನೆ ಕತ್ತಲಾಯಿತು. ಮಾರನೇ ದಿನ ಪೇಟೆಗೆ ಹೋಗಿ ಫೋನ್ ನೋಡಿದರೆ ನಲವತ್ತಕ್ಕೂ ಹೆಚ್ಚು ಸಂದೇಶ. ಬೈಗುಳವೇ ಜಾಸ್ತಿ. ವಿವರಿಸಿ ಬರೆದೆ. ಮಲೆನಾಡಿನ ಮಳೆ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ, ನಂಬಲಿಲ್ಲ. ಎರಡು ವರ್ಷ ಜೊತೆಗೆ ಆಡಿದ ಗಿಲ್ಡ್ ಅದು. ಆ ವಾರವೇ ಹೊರಗೆ ಹಾಕಿದರು. ನೋವಾಯಿತು. ಮುಂದೆ ಸೇರಿದ ಗಿಲ್ಡ್‌ನ ನಾಯಕಿಗೆ ಮೊದಲೇ ಹೇಳಿದೆ, ಜೂನ್‌ನಿಂದ ಸೆಪ್ಟೆಂಬರ್ ನನ್ನನ್ನು ನಂಬಿಕೊಳ್ಳಬೇಡಿ ಅಂತ. ಅವರು ಸಲೀಸಾಗಿ ಒಪ್ಪಿದರು. ಮಳೆಗಾಲಕ್ಕೆ ನನಗೆ ಹೊತ್ತಿಗೆ ಕಟ್ಟುಬೀಳದ ಕೆಲಸ ಕೊಟ್ಟರು, ಸರಕು ತಯಾರಿಸಿ ಇಡುವುದು. ಆ ಗಿಲ್ಡ್‌ನಲ್ಲಿ ಏಳು ವರ್ಷ ಇದ್ದೆ.

ಈ ವಿಷಯದಲ್ಲಿ ಈವ್ ನಮ್ಮಂಥವರಿಗೆ ಸ್ವಲ್ಪ ಅನುಕೂಲ. ಅದರ ಸರ್ವರ್ ಇರುವುದು ಲಂಡನ್‌ನಲ್ಲಿ, ದೂರವೇ. ಆದರೆ ಆ ಸರ್ವರ್ ಸೆಕೆಂಡಿಗೆ ಒಂದೇ ಸಲ ಲೆಕ್ಕ ಹಾಕುತ್ತದೆ. ಬೆರಳ ತುದಿಯ ವೇಗದ ಆಟ ಅಲ್ಲ ಅದು. ಹಾಗಾಗಿ ನಿಮ್ಮ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತು, ಸ್ವಲ್ಪ ಜಾಸ್ತಿ ಇದ್ದರೂ ದೊಡ್ಡ ಏಟು ಬೀಳುವುದಿಲ್ಲ. ದೊಡ್ಡ ಯುದ್ಧಗಳಲ್ಲಿ ಸಮಯವನ್ನೇ ಹತ್ತನೇ ಒಂದು ಭಾಗಕ್ಕೆ ನಿಧಾನ ಮಾಡುತ್ತಾರೆ. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಅನ್ನುವ ಕಡೆ ನಡೆದ ಯುದ್ಧ ಹಾಗೇ 21 ಗಂಟೆ ನಡೆದು, ಆಟದ ಅತಿ ದೊಡ್ಡ ಹಡಗುಗಳಾದ ಟೈಟನ್‌ಗಳು 75 ನಾಶವಾದವು. ಅದಕ್ಕೆ ಕಾರಣ ಆ ಜಾಗದ ಹಕ್ಕು ಉಳಿಸಿಕೊಳ್ಳಲು ಕಟ್ಟಬೇಕಿದ್ದ ಒಂದು ಬಿಲ್ ಕಟ್ಟದೆ ಹೋಗಿದ್ದು. ನೆಟ್ ಹೋದಾಗ ಏನಾಗುತ್ತದೆ ಅನ್ನುವುದು ನಿಮಗೆ ಮುಖ್ಯ. ಯಾರ ಜೊತೆಯೂ ಜಗಳದಲ್ಲಿ ಇಲ್ಲದಿದ್ದರೆ ನಿಮ್ಮ ಹಡಗು ತಾನೇ ದೂರ ಓಡಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಆಟಗಾರರ ಜೊತೆ ಜಗಳದಲ್ಲಿದ್ದರೆ 15 ನಿಮಿಷ ಅಲ್ಲೇ ಉಳಿಯುತ್ತದೆ, ಹುಡುಕಿ ಹೊಡೆಯಬಹುದು. ಆದ್ದರಿಂದ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ. ಆ 15 ನಿಮಿಷ ದಾಟಿದರೆ ಸಾಕು.

ಮೂರನೆಯದು ನಂಬಿಕೆ. ಕಾರ್ಪ್‌ನ ಗೋದಾಮಿನ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಈವ್‌ನಲ್ಲಿ ಮೋಸ ಮಾಡುವುದನ್ನು ಆಟದ ನಿಯಮ ತಡೆಯುವುದಿಲ್ಲ. ಬ್ಯಾಂಡ್ ಆಫ್ ಬ್ರದರ್ಸ್ ಅಂತ ಒಂದು ಕೂಟ ಇತ್ತು. ಆ ಕಾಲದಲ್ಲಿ ಅದನ್ನು ಮುಟ್ಟುವವರು ಇರಲಿಲ್ಲ. 2009ರ ಫೆಬ್ರುವರಿಯಲ್ಲಿ ಅವರದ್ದೇ ಒಬ್ಬ ಡೈರೆಕ್ಟರ್ ಎದುರಾಳಿ ಗೂನ್‌ಸ್ವಾರ್ಮ್ ಕಡೆ ಸೇರಿಕೊಂಡು, ತನಗಿದ್ದ ಅಧಿಕಾರ ಬಳಸಿ ಇಡೀ ಕೂಟವನ್ನೇ ಮುಚ್ಚಿಬಿಟ್ಟ. ಯುದ್ಧದಲ್ಲಿ ಸೋತಿದ್ದಲ್ಲ. ಒಬ್ಬನ ಕೈಗೆ ಎಲ್ಲ ಕೀಲಿ ಕೊಟ್ಟಿದ್ದರಿಂದ ಹೋಯಿತು. ಸಾವಿರಾರು ಜನರ ದುಡಿಮೆ ಅದು.

ಹಾಗಾಗಿ ಸೇರುವಾಗಲೇ 'ನಿನ್ನ ಸರಕೆಲ್ಲ ತಂದು ನಮ್ಮ ಗೋದಾಮಿನಲ್ಲಿ ಇಡು' ಅಂತ ಹೇಳುವ ಕಾರ್ಪ್‌ಗೆ ಹೋಗಬೇಡಿ. ಸೇರಲು ದುಡ್ಡು ಕೇಳುವವರ ಹತ್ತಿರವೂ ಹೋಗಬೇಡಿ. ಟ್ಯಾಕ್ಸ್ ಎಷ್ಟು ಅಂತ ಕೇಳುವುದರ ಜೊತೆಗೆ ಆ ಟ್ಯಾಕ್ಸ್‌ನಿಂದ ಏನು ಮಾಡುತ್ತೀರಿ ಅಂತಲೂ ಕೇಳಿ. ಹೊಸಬರು ಹಡಗು ಕಳೆದುಕೊಂಡರೆ ಬದಲಿ ಕೊಡುತ್ತೀರಾ ಅಂತ ಕೇಳಿ. ಒಳ್ಳೆಯ ಕಾರ್ಪ್‌ನವರು ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಹೇಳುತ್ತಾರೆ. ಸಿಡುಕಿದರೆ ಅದೇ ಉತ್ತರ ಅಂದುಕೊಳ್ಳಿ.

ನಮ್ಮಲ್ಲಿ ಮುಯ್ಯಾಳು ಅಂತ ಇತ್ತಲ್ಲ, ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈವತ್ತು ನಾಲ್ಕು ಮನೆಯವರು ನಮ್ಮ ಗದ್ದೆಗೆ ನೆಟ್ಟಿಗೆ ಬರುತ್ತಾರೆ, ನಾಳೆ ನಾವು ಅವರ ಗದ್ದೆಗೆ ಹೋಗುತ್ತೇವೆ. ಒಬ್ಬರಿಗೆ ಜ್ವರ ಬಂದರೆ ಉಳಿದವರು ಆ ಮನೆಯ ಪಾಲು ಮಾಡಿಕೊಡುತ್ತಾರೆ, ಆಮೇಲೆ ಅವರೂ ತೀರಿಸುತ್ತಾರೆ. ಕಾರ್ಪ್ ನೋಡುವಾಗ ನಾನು ಹುಡುಕುವುದು ಅಂಥ ಜನರನ್ನು. ಅವರು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನ ಗುಂಪಿಗೆ ಹೋಗಿ ಒಂದು ವಾರ ಸುಮ್ನೆ ಕೇಳಿಸಿಕೊಳ್ಳಿ. ಹೊಸಬ ಒಂದು ದಡ್ಡ ಪ್ರಶ್ನೆ ಕೇಳಿದಾಗ ಏನಾಗುತ್ತದೆ? ಯಾರೋ ನಾಲ್ಕು ದಿನ ಬರಲಿಲ್ಲ ಅಂದರೆ 'ಎಲ್ಲಿ ಹೋದ, ಹುಷಾರಿದ್ದಾನಾ' ಅಂತ ಕೇಳುತ್ತಾರಾ, ಅಥವಾ 'ಅವನನ್ನು ತೆಗೆದುಹಾಕಿ' ಅನ್ನುತ್ತಾರಾ? ಹಡಗು ಕಳೆದುಕೊಂಡವನ ಜೊತೆ ಹೇಗೆ ಮಾತಾಡುತ್ತಾರೆ? ಒಂದು ವಾರದಲ್ಲಿ ಎಲ್ಲ ಗೊತ್ತಾಗುತ್ತದೆ. ಕಾರ್ಪ್ ದೊಡ್ಡದಾ ಚಿಕ್ಕದಾ, ಎಷ್ಟು ಯುದ್ಧ ಗೆದ್ದಿದೆ ಅನ್ನುವುದು ನಿಮ್ಮ ಹಂತದಲ್ಲಿ ಅಷ್ಟು ಮುಖ್ಯ ಅಲ್ಲ.

ಸೇರುವಾಗ ನಿಮ್ಮ ವರ್ಷದ ಲೆಕ್ಕ ಅವರಿಗೆ ಮೊದಲೇ ಹೇಳಿ. ಮಳೆಗಾಲದಲ್ಲಿ ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲ, ಮಳೆ ಬಿಟ್ಟ ದಿನ ತೋಟಕ್ಕೆ ಔಷಧಿ ಹೊಡೆಸಬೇಕು. ದೀಪಾವಳಿ ಕಳೆದ ಮೇಲೆ ಕೊಯ್ಲು, ರಾತ್ರಿ ಸುಲಿಯಲು ಕೂರಬೇಕು. ಮಾರ್ಚ್‌ನಿಂದ ಮೇ ತನಕ ಬಿಡುವು. ಹೀಗೆ ಬಿಡಿಸಿ ಹೇಳಿದರೆ ಸಾಕು. ಈವ್‌ನಲ್ಲಿ ಸ್ಕಿಲ್ ಕಲಿಕೆ ನೀವು ಲಾಗಿನ್ ಇಲ್ಲದಾಗಲೂ ನಡೆಯುತ್ತಿರುತ್ತದೆ. ಕೊಯ್ಲಿನ ಸಮಯದಲ್ಲಿ ಉದ್ದದ ಸ್ಕಿಲ್ ಹಚ್ಚಿಟ್ಟು ಹೋಗಿ. ಆಲ್ಫಾ ಪಾತ್ರಕ್ಕೆ ಸಾಲಿನಲ್ಲಿ ಹಚ್ಚಿಡಲು ಮಿತಿ ಇದೆ, ಹಾಗಾಗಿ ನಡುವೆ ಒಮ್ಮೊಮ್ಮೆ ಬಂದು ಹೊಸದು ಹಚ್ಚಬೇಕು.

ಇಷ್ಟೆಲ್ಲ ಓದಿ ಈವತ್ತೇ ಒಂದು ಕಾರ್ಪ್ ಹುಡುಕಿಬಿಡಬೇಕು ಅಂತ ಅವಸರ ಬೇಡ. ಮೊದಲು ಆಟವೇ ಕಲಿಸುವ ಕೆರಿಯರ್ ಏಜೆಂಟರ ಮಿಷನ್‌ಗಳನ್ನು ಮುಗಿಸಿ. ಗಣಿ, ವ್ಯಾಪಾರ, ಯುದ್ಧ, ಹುಡುಕಾಟ ಎಲ್ಲದರ ರುಚಿ ಅಲ್ಲಿ ಸಿಗುತ್ತದೆ, ಸೋತರೂ ದೊಡ್ಡ ನಷ್ಟ ಇಲ್ಲ. ಅಷ್ಟರಲ್ಲಿ ಗೆಳೆಯನನ್ನು ಒಂದು ಮಾತು ಕೇಳಿ, ಅವರು ಯಾವ ಹೊತ್ತಿನಲ್ಲಿ ಆಡುತ್ತಾರೆ ಅಂತ. ಅವರೂ ರಾತ್ರಿ ಒಂದು ಗಂಟೆಯವರಾದರೆ ಭಾನುವಾರ ಸಂಜೆ ಮಾತ್ರ ಜೊತೆಗೆ ಹೋಗಿ. ನಿಮ್ಮ ಹೊತ್ತಿನವರೇ ಆದರೆ ಎರಡನೇ ಪಾತ್ರವನ್ನು ಈ ವಾರವೇ ಮಾಡಿ, ಮಿಲಿಷಿಯಾಕ್ಕೆ ಹೆಸರು ಕೊಡಿ. ಜಿಟಾದಿಂದ ಕೊಳ್ಳಬೇಕಾದ ಹಡಗುಗಳ ಪಟ್ಟಿಯನ್ನು ಇಬ್ಬರೂ ಕೂತು ಮೊದಲೇ ಮಾಡಿ. ಕಾಲ್ಡಾರಿ ಪಾತ್ರ ಅವನ್ನು ಕೊಂಡು, ಗಡಿ ದಾಟಿಸಿ, ಗ್ಯಾಲೆಂಟೆ ಕಡೆ ತಂದು ಇಡಲಿ.